ಯಲ್ಲಮ್ಮನ ಗುಡ್ಡದ ಪ್ಲಾಸ್ಟಿಕ್: ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಸವದತ್ತಿಯವಳು. ಯಲ್ಲಮ್ಮನ ಗುಡ್ಡದ ಜಾತ್ರೆಯ ಬಗ್ಗೆ, ಅದರಲ್ಲೂ ಜನ ಇಳಿದು ಹೋದ ಮೇಲೆ ಗುಡ್ಡದ ಮೇಲೆ ಉಳಿಯುವ ಪ್ಲಾಸ್ಟಿಕ್ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ.

ಹೊಸ್ತಿಲ ಹುಣ್ಣಿಮೆ ಬಂತೆಂದರೆ ನಮ್ಮೂರಿನ ದಾರಿಗಳೆಲ್ಲ ಗುಡ್ಡದ ಕಡೆ ತಿರುಗುತ್ತವೆ. ಆಮೇಲೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ತೆಲಂಗಾಣ, ಆಂಧ್ರದಿಂದಲೂ ಬರುತ್ತಾರೆ. ಬಸ್ಸು, ಟೆಂಪೊ, ಟ್ರ್ಯಾಕ್ಟರ್, ಈಗಲೂ ಎತ್ತಿನ ಚಕ್ಕಡಿ. ಇಷ್ಟು ಜನಕ್ಕೆ ರಸ್ತೆ, ನೀರು, ದೀಪ, ಪೊಲೀಸ್ ಬಂದೋಬಸ್ತ್ ಎಲ್ಲ ಮಾಡುವುದು ಸುಮ್ನೆ ಮಾತಲ್ಲ, ಅದು ನಮಗೆ ಗೊತ್ತು. ನನ್ನ ಕೋರಿಕೆ ಇಷ್ಟೇ. ಜಾತ್ರೆಯ ತಯಾರಿಗೆ ಕೂರುವ ಮೊದಲ ಸಭೆಯಲ್ಲೇ ಪ್ಲಾಸ್ಟಿಕ್ ಬಗ್ಗೆಯೂ ಮಾತಾಡಿ. ಜಾತ್ರೆ ಮುಗಿದ ಮೇಲೆ ಕಸ ಎತ್ತುವ ಲೆಕ್ಕದಲ್ಲಿ ಅದನ್ನು ಬಿಡಬೇಡಿ.

ಕಾನೂನು ಸಾಲದು ಅಂತ ನಾನು ಹೇಳುತ್ತಿಲ್ಲ. ನಮ್ಮ ರಾಜ್ಯ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟಕ್ಕೆ ಹಾಸುವ ಹಾಳೆ, ಫ್ಲೆಕ್ಸ್ ಎಲ್ಲವನ್ನೂ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಬಂತು. ಆ ವರ್ಷದ ಕೊನೆಗೆ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲ ಮಾರುವಂತಿಲ್ಲ ಅಂತಾಯಿತು. ಗುಟ್ಕಾವನ್ನಂತೂ ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಲಾಗಿದೆ. ಮುಜರಾಯಿ ದೇವಸ್ಥಾನಗಳನ್ನು ಪ್ಲಾಸ್ಟಿಕ್‌ನಿಂದ ಮುಕ್ತ ಮಾಡುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಕಾಗದದ ಮೇಲೆ ಬೇಕಾದದ್ದೆಲ್ಲ ಇದೆ. ಗುಡ್ಡ ಹತ್ತುವ ಭಕ್ತರ ಕೈಗೆ ಪ್ಲಾಸ್ಟಿಕ್ ಬದಲು ಏನು ಕೊಡಬೇಕು ಅನ್ನುವುದು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಅದನ್ನು ನೀವೇ ಮಾಡಬೇಕು.

ದಯವಿಟ್ಟು ಭಂಡಾರದಿಂದ, ಅಂದರೆ ತಾಯಿಗೆ ಹಾರಿಸುವ ಅರಿಶಿನ ಪುಡಿಯಿಂದ ಶುರು ಮಾಡಿ.

ಬೇರೆಯವರು ಬಾಟಲಿಯಿಂದ ಶುರು ಮಾಡಿ ಅಂತ ಹೇಳಬಹುದು. ನನಗೆ ಹಾಗನಿಸುವುದಿಲ್ಲ. ನೀರಿನ ಬಾಟಲಿ ದೊಡ್ಡದು, ಕಣ್ಣಿಗೆ ಬೀಳುತ್ತದೆ, ಮಾರಿದರೆ ದುಡ್ಡು ಬರುತ್ತದೆ. ಹಾಗಾಗಿ ಚಿಂದಿ ಆಯುವವರು ಬಾಟಲಿಯನ್ನು ಹುಡುಕಿ ಹುಡುಕಿ ಒಯ್ಯುತ್ತಾರೆ. ಭಂಡಾರದ ಪ್ಯಾಕೆಟ್ ಹಾಗಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬಾಯಿ ಗಟ್ಟಿಯಾಗಿ ಅಂಟಿಸಿರುತ್ತದೆ. ಉಗುರಿಗೆ ಸಿಗುವುದಿಲ್ಲ ಅಂತ ಜನ ಹಲ್ಲಿನಿಂದ ಕಚ್ಚಿ ಹರಿಯುತ್ತಾರೆ. ಮೂಲೆಯ ಚೂರನ್ನು ಅಲ್ಲೇ ಉಗುಳುತ್ತಾರೆ. ಉಧೋ ಉಧೋ ಅಂತ ಭಂಡಾರ ಹಾರಿಸಿದ ಮೇಲೆ ಖಾಲಿ ಪ್ಯಾಕೆಟ್ ಕೈಯಿಂದ ಜಾರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ಯಾರ ಮನಸ್ಸೂ ಪ್ಯಾಕೆಟ್ ಮೇಲೆ ಇರುವುದಿಲ್ಲ, ಇರಲೂಬಾರದು. ಮೊದಲ ಮಳೆಗೆ ಭಂಡಾರ ತೊಳೆದು ಮಣ್ಣು ಸೇರುತ್ತದೆ. ಪ್ಯಾಕೆಟ್ ಮಾತ್ರ ಕಲ್ಲಿನ ಸಂದಿಯಲ್ಲಿ, ಮುಳ್ಳುಕಂಟಿಯಲ್ಲಿ ಹಾಗೇ ಸಿಕ್ಕಿಕೊಂಡಿರುತ್ತದೆ. ಇದನ್ನು ಆಯುವವರಿಲ್ಲ. ಇಡೀ ಚೀಲ ತುಂಬಿದರೂ ತೂಕ ಬರುವುದಿಲ್ಲ, ತೂಕ ಬಂದರೂ ಕೊಳ್ಳುವವರಿಲ್ಲ. ಕರ್ಪೂರದ ಪ್ಯಾಕೆಟ್, ಊದುಬತ್ತಿಯ ಹೊದಿಕೆ, ಗುಟ್ಕಾ ಚೀಟಿ, ಶಾಂಪೂ ಚೀಟಿ ಎಲ್ಲದರ ಕಥೆಯೂ ಇದೇ.

ಭಂಡಾರಕ್ಕೆ ಪ್ಲಾಸ್ಟಿಕ್ ಬೇಕೇ ಬೇಕು ಅಂತೇನಿಲ್ಲವಲ್ಲ. ಒಣ ಪುಡಿ ಅದು. ರಾಶಿ ಹಾಕಿಕೊಂಡು, ಅಳೆದು, ಕಾಗದದ ಪೊಟ್ಟಣ ಕಟ್ಟಿ ಕೊಡಬಹುದು. ಮನೆಯಿಂದ ಡಬ್ಬಿ ತಂದವರಿಗೆ ಡಬ್ಬಿಗೇ ಹಾಕಿ ಕೊಡಬಹುದು. ಹಳೆ ಪೇಪರ್ ಬೇಡ, ಅದರ ಮಸಿ ಒಳ್ಳೆಯದಲ್ಲ. ಖಾಲಿ ಬಿಳಿ ಹಾಳೆ ಸಾಕು. ನಮ್ಮ ತಾಲೂಕಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಹೇಳಿದರೆ ಹುಣ್ಣಿಮೆಗೆ ಮೊದಲೇ ಪೊಟ್ಟಣ ಮಡಚಿ ಇಡುತ್ತಾರೆ. ಅವರಿಗೂ ನಾಲ್ಕು ಕಾಸು ಸಿಗುತ್ತದೆ. ಗುಡ್ಡದ ಮೇಲೆ ಭಂಡಾರ ಮಾರುವ ಅಂಗಡಿಗಳಿಗೆಲ್ಲ ಈ ಪೊಟ್ಟಣ ಮೊದಲ ಹುಣ್ಣಿಮೆಗೆ ಪುಕ್ಕಟೆ ಸಿಗಲಿ. ಆಮೇಲೆ ಅಗ್ಗದ ಬೆಲೆಗೆ ಕೊಡಿ. ಪೊಟ್ಟಣ ಕೈಗೆ ಬಂದ ಮೇಲೂ ಪ್ಲಾಸ್ಟಿಕ್‌ನಲ್ಲೇ ಮಾರಿದರೆ ದಂಡ ಹಾಕಿ, ಯಾರೂ ಬೇಡ ಅನ್ನುವುದಿಲ್ಲ.

ದಂಡದ ಮಾತು ಬಂತು, ಹೇಳಿಬಿಡುತ್ತೇನೆ. ತಪಾಸಣೆ ಆದಾಗ ಮೊದಲು ಸಿಕ್ಕಿಬೀಳುವವರು ಬುಟ್ಟಿ ಇಟ್ಟುಕೊಂಡು ಕಾಯಿ, ಹಣ್ಣು, ಬಳೆ ಮಾರುವ ಹೆಣ್ಣುಮಕ್ಕಳು. ಅವರ ಹತ್ತಿರ ಒಂದು ಕಟ್ಟು ಕವರ್ ಇರುತ್ತದೆ, ಅಷ್ಟೇ. ಆ ಕವರ್ ಅವರು ಮಾಡಿದ್ದಲ್ಲ. ಪೇಟೆಯ ಹೋಲ್‌ಸೇಲ್ ಅಂಗಡಿಯಿಂದ ಬಂದದ್ದು, ಅಲ್ಲಿಗೆ ಇನ್ನೆಲ್ಲಿಂದಲೋ ಲಾರಿಯಲ್ಲಿ ಬಂದದ್ದು. ಹುಣ್ಣಿಮೆಗೆ ಒಂದು ತಿಂಗಳು ಮೊದಲೇ ಸವದತ್ತಿ, ಬೈಲಹೊಂಗಲ, ಗೋಕಾಕ, ರಾಮದುರ್ಗದ ಹೋಲ್‌ಸೇಲ್ ಗೋದಾಮುಗಳನ್ನು ನೋಡಿಸಿ. ಅಲ್ಲಿ ನಿಂತರೆ ಬುಟ್ಟಿಯವರೆಗೆ ಬರುವುದೇ ಇಲ್ಲ.

ಇನ್ನು ಎತ್ತುಗಳ ವಿಷಯ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಗುಡ್ಡಕ್ಕೆ ಬಂದವರು ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಾರೆ. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಅನ್ನ ಸಾರು. ತಾಯಿಯ ಬುಟ್ಟಿ ಪಡ್ಡಲಗಿ ತುಂಬಿಸಿ, ಎಡೆ ಮಾಡಿ, ಎಲ್ಲರೂ ಉಣ್ಣುತ್ತಾರೆ. ಉಳಿದದ್ದನ್ನು ಚೆಲ್ಲಬಾರದು ಅಂತ ಕವರ್‌ನಲ್ಲಿ ಹಾಕಿ, ಗಂಟು ಬಿಗಿದು, ಬಿಡಾರದ ಪಕ್ಕ ಇಟ್ಟು ಹೋಗುತ್ತಾರೆ. ದನಕ್ಕಾದರೂ ಆಗಲಿ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಇಡುತ್ತಾರೆ. ಎತ್ತಿಗೆ ಬೆಲ್ಲದ ವಾಸನೆ ಬರುತ್ತದೆ. ಗಂಟು ಬಿಚ್ಚಲು ಅದಕ್ಕೆ ಬರುತ್ತದೆಯೇ? ಕವರ್ ಸಮೇತ ಬಾಯಿಗೆ ಹಾಕಿಕೊಳ್ಳುತ್ತದೆ. ಹೋಳಿಗೆ ಕರಗುತ್ತದೆ, ಕವರ್ ಕರಗುವುದಿಲ್ಲ. ದನದ ಮೊದಲ ಹೊಟ್ಟೆಯಲ್ಲೇ ಅದು ಉಳಿದುಬಿಡುತ್ತದೆ. ಮುಂದೆ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಒಂದರ ಮೇಲೊಂದು ಸೇರಿ ಉಂಡೆ ಕಟ್ಟುತ್ತದೆ. ಆಮೇಲೆ ದನ ಮೇವು ಬಿಡುತ್ತದೆ, ಮೆಲುಕು ಹಾಕುವುದಿಲ್ಲ, ಎಡಗಡೆ ಹೊಟ್ಟೆ ಉಬ್ಬುತ್ತದೆ. ಡಾಕ್ಟರು ಹೊಟ್ಟೆ ಕೊಯ್ದು ಕೈಯಿಂದ ತೆಗೆಯಬೇಕು. ಊರಿಗೆ ಮರಳಿದ ಎಷ್ಟೋ ದಿನಗಳ ಮೇಲೆ ಹೀಗಾದರೆ ಜಾತ್ರೆಯಲ್ಲಿ ತಿಂದ ಕವರ್‌ನಿಂದ ಆಯಿತು ಅಂತ ಆ ರೈತನಿಗೆ ಹೇಗೆ ಹೊಳೆಯಬೇಕು?

ಇದಕ್ಕೆ ದೊಡ್ಡ ಯೋಜನೆ ಬೇಡ. ಚಕ್ಕಡಿ ಬಿಡುವ ಜಾಗದಲ್ಲಿ, ಬಿಡಾರಗಳ ನಡುವೆ, ಉಳಿದ ಅನ್ನಕ್ಕೆಂದೇ ದೊಡ್ಡ ಡ್ರಮ್ ಇಡಿಸಿ. ಒಬ್ಬರು ಅದರ ಹತ್ತಿರ ನಿಂತಿರಲಿ. ಅನ್ನ ಡ್ರಮ್‌ಗೆ, ಕವರ್ ಬೇರೆ ಚೀಲಕ್ಕೆ. ಮೈಕಿನಲ್ಲಿ ಕಳೆದುಹೋದ ಮಕ್ಕಳ ಹೆಸರು ಕೂಗುತ್ತಾರಲ್ಲ, ಅದರ ನಡುನಡುವೆ ಕನ್ನಡದಲ್ಲೂ ಮರಾಠಿಯಲ್ಲೂ ತೆಲುಗಿನಲ್ಲೂ ಒಂದು ಮಾತು ಹೇಳಿಸಿ: ಕವರ್‌ಗೆ ಗಂಟು ಹಾಕಿ ಬಿಡಬೇಡಿ, ಎತ್ತು ತಿನ್ನುತ್ತದೆ. ಎತ್ತು ಕಟ್ಟಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಟ್ಟೆ ಮತ್ತು ನೀರು. ಮೊದಲೆಲ್ಲ ಜಾತ್ರೆಗೆ ಬರುವವರು ಕಟಕ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮ ಊಟ ಪ್ಲಾಸ್ಟಿಕ್ ಕೇಳುವ ಊಟವೇ ಅಲ್ಲ, ಅಲ್ವಾ? ಈಗ ಬೆಳ್ಳಗೆ ಹೊಳೆಯುವ ತೆಳು ತಟ್ಟೆ ಬಂದಿದೆ, ಕಾಗದದ್ದು ಅಂತ ಜನ ನಂಬುವ ಲೋಟ ಬಂದಿದೆ. ಆ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ. ಹದಿನೈದು ನಿಮಿಷ ಬಿಸಿ ನೀರು ಇಟ್ಟರೆ 100 ಮಿಲಿ ಲೀಟರ್‌ಗೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಐಐಟಿ ಖರಗ್‌ಪುರದವರು ಪರೀಕ್ಷೆ ಮಾಡಿ ಹೇಳಿದ್ದಾರೆ. ಚಹಾ ಅಂಗಡಿಗೆ ಗಾಜಿನ ಲೋಟವೇ ಸರಿ. ಊಟಕ್ಕೆ ಸ್ಟೀಲ್ ತಟ್ಟೆ ಬಾಡಿಗೆಗೆ ಸಿಗುವ ಹಾಗೆ ಮಾಡಿ. ಠೇವಣಿ ಇಟ್ಟು ಒಯ್ಯಲಿ, ತೊಳೆದು ತಂದು ಕೊಟ್ಟು ಠೇವಣಿ ವಾಪಸ್ ಪಡೆಯಲಿ. ಬೆಂಗಳೂರಿನಲ್ಲಿ ಮದುವೆ ಮುಂಜಿಗೆ ಹೀಗೆ ತಟ್ಟೆ ಕೊಡುವ ತಟ್ಟೆ ಬ್ಯಾಂಕ್‌ಗಳಿವೆ. ಸ್ಟೀಲ್ ಸಾಲದಿದ್ದರೆ ಮುತ್ತುಗದ ಪತ್ರಾವಳಿ, ಅಡಿಕೆ ಹಾಳೆಯ ತಟ್ಟೆ ಇದೆ. ಎರಡನ್ನೂ ಮಾಡುವವರು ನಮ್ಮ ಆಸುಪಾಸಿನಲ್ಲೇ ಇದ್ದಾರೆ, ಮೊದಲೇ ಹೇಳಿ ಮಾಡಿಸಬೇಕಷ್ಟೇ.

ನೀರಿನ ಬಾಟಲಿಗೂ ಠೇವಣಿಯೇ ದಾರಿ. ಕೇದಾರನಾಥದಲ್ಲಿ 2022ರಿಂದ ಬಾಟಲಿ ಮೇಲೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದು ಕೊಟ್ಟವರಿಗೆ ಆ ದುಡ್ಡು ವಾಪಸ್ ಕೊಡುತ್ತಾರೆ. ತಿರುಮಲದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೇ ನಿಲ್ಲಿಸಿ ಗಾಜಿನ ಬಾಟಲಿ ತಂದರು. ಶಬರಿಮಲೆಗೆ ಹೋಗುವ ನಮ್ಮೂರ ಮಾಲಾಧಾರಿಗಳು ಇರುಮುಡಿಯಲ್ಲಿ ಪ್ಲಾಸ್ಟಿಕ್ ಇಡಬಾರದು ಅಂತ ಜೋಪಾನವಾಗಿ ಕಟ್ಟುತ್ತಾರೆ. ಅದೇ ಜನ ಯಲ್ಲಮ್ಮನಿಗೂ ಬರುತ್ತಾರೆ. ಅಲ್ಲಿ ಪಾಲಿಸಿದ ನಿಯಮವನ್ನು ಇಲ್ಲಿ ಪಾಲಿಸುವುದಿಲ್ಲ ಅಂತ ನಾವೇ ಯಾಕೆ ಅಂದುಕೊಳ್ಳಬೇಕು? ಆದರೆ ನಳದಲ್ಲಿ ನೀರು ಸರಿಯಾಗಿ ಬರಬೇಕು, ಬಾಯಿಗೆ ಹಾಕಿಕೊಳ್ಳಲು ಧೈರ್ಯ ಬರುವಷ್ಟು ಶುದ್ಧವಾಗಿರಬೇಕು, ತಂಬಿಗೆ ತುಂಬಿಸಿಕೊಳ್ಳಲು ಅರ್ಧ ಗಂಟೆ ಸಾಲು ನಿಲ್ಲುವ ಹಾಗಿರಬಾರದು. ಬಿಸಿಲಲ್ಲಿ ಮಗು ಅಳುವಾಗ ತಾಯಿ ಬಾಟಲಿಯನ್ನೇ ಕೊಳ್ಳುತ್ತಾಳೆ. ಅವಳನ್ನು ಬೈದು ಉಪಯೋಗವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಜಾತ್ರೆ ಮುಗಿದ ಮೇಲೆ ರಾಶಿಗೆ ಬೆಂಕಿ ಬೀಳಬಾರದು. ಪ್ಲಾಸ್ಟಿಕ್ ಹೊಗೆ ವಿಷ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿಯಾದರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ. ಗುಡ್ಡದಲ್ಲಿ ಕಸ ಎತ್ತುವವರಿಗೆ ಕೈಗವಸು, ಮಾಸ್ಕ್, ಹುಣ್ಣಿಮೆ ದಿನಗಳಿಗೆ ಹೆಚ್ಚಿನ ಕೂಲಿ ಸಿಗಲಿ. ಬೇರ್ಪಡಿಸಿದ ಪ್ಲಾಸ್ಟಿಕ್ ಒಯ್ಯಲು ಗಾಡಿ ಆ ರಾತ್ರಿಯೇ ಬರಲಿ. ಎರಡು ದಿನ ಬಿಟ್ಟು ಬಂದರೆ ಗಾಳಿ ಅರ್ಧ ಹೊತ್ತುಕೊಂಡು ಹೋಗಿರುತ್ತದೆ.

ಗಾಳಿ ಎಲ್ಲಿಗೆ ಒಯ್ಯುತ್ತದೆ ಅಂತ ನಮಗೆ ಗೊತ್ತು. ಹೊಲಕ್ಕೆ, ಹಳ್ಳಕ್ಕೆ. ಹಳ್ಳದಿಂದ ಮಲಪ್ರಭೆಗೆ. ನವಿಲುತೀರ್ಥದಲ್ಲಿ ಕಟ್ಟಿರುವ ಅಣೆಕಟ್ಟಿನ ಜಲಾಶಯಕ್ಕೆ ನಮ್ಮ ತಾಯಿ ರೇಣುಕಾ ಯಲ್ಲಮ್ಮನದೇ ಹೆಸರು, ರೇಣುಕಾ ಸಾಗರ. ಹುಬ್ಬಳ್ಳಿ ಧಾರವಾಡದವರು ಕುಡಿಯುವ ನೀರು ಅದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ನಮ್ಮನ್ನು ದಾಟಿ, ಪಟ್ಟದಕಲ್ಲು ಐಹೊಳೆಯ ಗುಡಿಗಳ ಪಕ್ಕದಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಾವು ಬಿಟ್ಟದ್ದು ಅಷ್ಟೂ ಊರುಗಳ ದಡಕ್ಕೆ ಹೋಗುತ್ತದೆ.

ಎಲ್ಲವನ್ನೂ ಒಂದೇ ವರ್ಷ ಮಾಡಿ ಅಂತ ನಾನು ಕೇಳುತ್ತಿಲ್ಲ. ಹೊಸ್ತಿಲ ಹುಣ್ಣಿಮೆಗೆ ಭಂಡಾರದ ಪೊಟ್ಟಣ ಮತ್ತು ಅನ್ನದ ಡ್ರಮ್ ಆಗಲಿ. ಬನದ ಹುಣ್ಣಿಮೆಗೆ ಬಾಟಲಿಯ ಠೇವಣಿ ಸೇರಲಿ. ಭಾರತ ಹುಣ್ಣಿಮೆಗೆ ತಟ್ಟೆ. ಪ್ರತಿ ಹುಣ್ಣಿಮೆ ಮುಗಿದ ಮೇಲೆ ಎಷ್ಟು ಪ್ಲಾಸ್ಟಿಕ್ ಎತ್ತಲಾಯಿತು ಅಂತ ತೂಕ ಮಾಡಿಸಿ, ಗುಡ್ಡದ ಬಸ್ ನಿಲ್ದಾಣದಲ್ಲಿ ಬೋರ್ಡ್ ಮೇಲೆ ಬರೆಸಿ. ಜನ ನೋಡಲಿ. ಮುಂದಿನ ಹುಣ್ಣಿಮೆಗೆ ಕಡಿಮೆ ಆಯಿತೋ ಇಲ್ಲವೋ ನಿಮಗೂ ನಮಗೂ ತಿಳಿಯುತ್ತದೆ.

ಇದಕ್ಕಾಗಿ ಸವದತ್ತಿಯಲ್ಲೇ ಒಂದು ಸಭೆ ಕರೆಯಿರಿ. ಅಧಿಕಾರಿಗಳ ಜೊತೆ ಭಂಡಾರ ಮಾರುವವರು, ಬಳೆಗಾರರು, ಚಹಾ ಅಂಗಡಿಯವರು, ಪೌರಕಾರ್ಮಿಕರು, ಚಿಂದಿ ಆಯುವವರು, ಸಂಘದ ಹೆಣ್ಣುಮಕ್ಕಳು ಎಲ್ಲರೂ ಇರಲಿ. ಮಂಗಳವಾರ, ಶುಕ್ರವಾರ ಮಾತ್ರ ಇಡಬೇಡಿ, ಅವು ಅಂಗಡಿಯವರಿಗೆ ವ್ಯಾಪಾರದ ದಿನಗಳು. ಬೇರೆ ಯಾವ ದಿನ ಹೇಳಿದರೂ ನಾವು ಬರುತ್ತೇವೆ. ಪೊಟ್ಟಣದ ಮಾದರಿ ಮಡಚಿಕೊಂಡೇ ಬರುತ್ತೇವೆ.

ಇಂತಿ,
ಸವದತ್ತಿಯ ಒಬ್ಬ ನಿವಾಸಿ