ಮೈದಾನದಲ್ಲಿ ಕೂರಿಸಿದರೆ ಕೋಪ ಮಾಡಿಕೊಳ್ಳಬೇಡಿ

ಪೋಷಕರಿಗೆ ನಮಸ್ಕಾರ,

ವಲಯ ಮಟ್ಟದ ಕ್ರೀಡಾಕೂಟಕ್ಕೆ ಕಬಡ್ಡಿ, ಖೋ-ಖೋ ಅಭ್ಯಾಸ ಶುರುವಾಗಿದೆ. "ಪಿಟಿ ಮೇಷ್ಟ್ರು ಸುಮ್ನೆ ನಮ್ಮ ಹುಡುಗನನ್ನು ಹೊರಗೆ ಕೂರಿಸಿದ್ದಾರೆ" ಅಂತ ಕೆಲವರು ಫೋನ್ ಮಾಡುತ್ತಿದ್ದೀರಿ. ಸುಮ್ನೆ ಕೂರಿಸಿಲ್ಲ. ಕಬಡ್ಡಿಯಲ್ಲಿ ರೈಡರನ್ನು ಹಿಡಿಯಲು ಇಬ್ಬರು ಒಟ್ಟಿಗೆ ನುಗ್ಗಿದಾಗ ತಲೆಗೆ ತಲೆ ಬಡಿಯುತ್ತದೆ, ಹುಡುಗ ಮಣ್ಣು ಕೊಡವಿಕೊಂಡು ಎದ್ದು "ಏನೂ ಆಗಿಲ್ಲ ಸಾರ್" ಅಂತಾನೆ. ಆದರೂ ಅವತ್ತು ಅವನು ಮತ್ತೆ ಕೋರ್ಟಿಗೆ ಇಳಿಯುವಂತಿಲ್ಲ. ಮಿದುಳಿಗೆ ಪೆಟ್ಟಾಗಿದ್ದರೆ ಕೆಲವೊಮ್ಮೆ ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುವುದು, ಅಷ್ಟರಲ್ಲಿ ಇನ್ನೊಂದು ಏಟು ಬಿದ್ದರೆ ಅಪಾಯ ಜಾಸ್ತಿ. ಮನೆಗೆ ಬಂದ ಮೇಲೆ ವಾಂತಿ, ಏರುತ್ತಾ ಹೋಗುವ ತಲೆನೋವು, ಮಂಪರು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಮತ್ತೆ ಆಡುವುದು ಡಾಕ್ಟರು ಹೂಂ ಅಂದ ಮೇಲೆಯೇ, ನಾಳೆ ಫೈನಲ್ ಇದ್ದರೂ.

ಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಕಡೆ ರೂಢಿ. ಮೊದಲ 2–3 ದಿನ ಅದು ಬೇಡ, ಊತ ಹೆಚ್ಚುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಕಾಲೂರಿ 4 ಹೆಜ್ಜೆ ಹಾಕಲಾಗದಿದ್ದರೆ ಎಕ್ಸ್‌ರೇ ಮಾಡಿಸಿ.

ಮೇಷ್ಟ್ರು ದಿನಾ ಮೊದಲು ಕೋರ್ಟಿನ ಕಲ್ಲು, ಗಾಜಿನ ಚೂರು ಆರಿಸಿಸುತ್ತಾರೆ, ಆಮೇಲೆ ವಾರ್ಮಪ್. ಉಗುರು ಬೆಳೆಸಿದವರಿಗೆ, ಬಳೆ, ಸರ, ಓಲೆ ಹಾಕಿದವರಿಗೆ ಆಟವಿಲ್ಲ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ನೀರಿನ ಬಾಟಲಿ ಮರೆಯಬೇಡಿ.

ಇಷ್ಟೆಲ್ಲಾ ಮಾಡಿದರೂ ಏನಾದರೂ ಆಗಬಹುದು, ಅಲ್ವಾ? ಅದಕ್ಕೆ ಕೆಲಸ ಹಂಚಿದ್ದೇವೆ. ಮೇಷ್ಟ್ರು ಮಗುವನ್ನು ಬಿಟ್ಟು ಕದಲುವುದಿಲ್ಲ, ಗಣಿತದ ಮೇಡಂ 108ಕ್ಕೆ ಫೋನ್ ಮಾಡುತ್ತಾರೆ, ಕನ್ನಡ ಮೇಷ್ಟ್ರು ಉಳಿದ ಮಕ್ಕಳನ್ನು ಕ್ಲಾಸಿಗೆ ಕರೆದೊಯ್ಯುತ್ತಾರೆ. ಆಂಬುಲೆನ್ಸ್ ನೇರ ಮೈದಾನಕ್ಕೆ ಬರುವುದು ಹಿಂದಿನ ಗೇಟಿನಿಂದ ಮಾತ್ರ, ಹಾಗಾಗಿ ಅದರ ಬೀಗದ ಕೈ ಇನ್ನು ಆಫೀಸಿನ ಬೀರುವಿನಲ್ಲಿರುವುದಿಲ್ಲ, ಫಸ್ಟ್ ಏಡ್ ಡಬ್ಬಕ್ಕೇ ದಾರ ಕಟ್ಟಿ ನೇತುಹಾಕಿದ್ದೇವೆ.

ಇನ್ನು ನಿಮ್ಮ ಪಾಲು. ಉಬ್ಬಸ, ಹೃದಯದ ತೊಂದರೆ, ಫಿಟ್ಸ್, ಯಾವುದಾದರೂ ಮಾತ್ರೆ ಒಗ್ಗದಿರುವುದು, ಏನಿದ್ದರೂ ಡೈರಿಯಲ್ಲಿ ಬರೆಯಿರಿ. ಹೇಳಿದರೆ ಟೀಮಿನಿಂದ ತೆಗೆದುಬಿಡುತ್ತಾರೆ ಅಂತ ಮುಚ್ಚಿಡುವವರಿದ್ದಾರೆ. ಡಾಕ್ಟರು ಆಡಬಹುದು ಅಂದಿದ್ದರೆ ನಾವ್ಯಾಕೆ ತೆಗೆಯೋಣ? ಗೊತ್ತಿದ್ದರೆ ಫಿಟ್ಸ್ ಬಂದಾಗ ಯಾರೋ ಓಡಿಬಂದು ಕೈಗೆ ಕಬ್ಬಿಣ ತುರುಕುವ ಬದಲು, ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುತ್ತೇವೆ, 5 ನಿಮಿಷ ದಾಟಿದರೆ 108. ಉಬ್ಬಸದ ಮಕ್ಕಳ ಇನ್ಹೇಲರ್ ಬ್ಯಾಗಿನಲ್ಲಲ್ಲ, ಮೇಷ್ಟ್ರ ಕೈಯಲ್ಲಿರಲಿ.

ಹಗಲು ಹೊತ್ತು ಎತ್ತುವ ಎರಡು ಫೋನ್ ನಂಬರನ್ನೂ ಬರೆದು ಸೋಮವಾರದೊಳಗೆ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕರು