ರೋಡ್ ರೋಲರ್ ಓಡಿತು, ಎಲ್ಲರಿಗೂ ಥ್ಯಾಂಕ್ಸ್

ಹೋದ ಭಾನುವಾರ ಬೆಳಗ್ಗೆ ನಮ್ಮ ರೋಡ್ ರೋಲರ್, ಹಬೆಯಿಂದ ಓಡುವ ಆಟಿಕೆ, ಓಡಿತು. ಮಾಮೋಡ್ ಕಂಪನಿಯದು, ಹಸಿರು ಬಣ್ಣ, ಎರಡೂ ಅಂಗೈ ಜೋಡಿಸಿದರೆ ಅದರ ಮೇಲೆ ಕೂರುವಷ್ಟು ಗಾತ್ರ. ಬಿಚ್ಚಿಟ್ಟು 14 ತಿಂಗಳಾಗಿತ್ತು. ಬಾಯ್ಲರ್ ಒಳಗೆ ನೀರು ಕುದಿಯುವ ಸದ್ದು ಬಂತು, ಸಿಲಿಂಡರ್ ಎರಡು ಸಲ ಬಿಸಿನೀರು ಉಗುಳಿತು, ಒಂದು ಪುಟ್ಟ ಕೈ ಚಕ್ರವನ್ನು ಮೆಲ್ಲಗೆ ತಿರುವಿತು, ಅಷ್ಟೇ, ಟಕಟಕ ಅಂತ ಹಿಡಿದುಕೊಂಡಿತು. ನಾಲ್ಕು ಮಕ್ಕಳೂ ಒಟ್ಟಿಗೆ ಕಿರುಚಿದರು. ನಾನು ಅತ್ತುಬಿಟ್ಟೆ.

ಇದನ್ನು ಬರೆಯುತ್ತಿರುವುದು ಥ್ಯಾಂಕ್ಸ್ ಹೇಳುವುದಕ್ಕೆ. ಒಬ್ಬರಿಗಲ್ಲ, ಸುಮಾರು ಜನರಿಗೆ ಹೇಳಬೇಕು. ಎದುರು ಸಿಕ್ಕಾಗ ಹೇಳೋಣ ಅಂದುಕೊಂಡರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆದುಬಿಡುತ್ತೇನೆ.

ಹೋದ ವರ್ಷ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆಪರೇಷನ್ ಆಯಿತು, ಪ್ಲೇಟ್ ಹಾಕಿದರು. ಮೂಳೆ ಕೂಡಿಕೊಂಡಿತು, ಆದರೆ ಬೆರಳುಗಳು ಮಾತು ಕೇಳಲಿಲ್ಲ. ಸಣ್ಣ ವಸ್ತು ಏನಾದರೂ ಹಿಡಿದರೆ ಅದು ಬೆರಳ ನಡುವೆ ಇದೆಯೋ ಬಿದ್ದುಹೋಯಿತೋ ಅಂತಲೇ ಗೊತ್ತಾಗುತ್ತಿರಲಿಲ್ಲ. ಹಳೆಯ ಬ್ರಿಟಿಷ್ ಮಾಡೆಲ್‌ಗಳಲ್ಲಿ ಬಿಎ ಅನ್ನುವ ಅಳತೆಯ ಸ್ಕ್ರೂಗಳು ಜಾಸ್ತಿ. ಅದರಲ್ಲಿ 6 ಬಿಎ ಅಂದರೆ 2.8 ಮಿಲಿಮೀಟರ್ ದಪ್ಪ. ನೋಡೋಕೆ ನಮ್ಮ 3 ಮಿಲಿಮೀಟರ್ ಸ್ಕ್ರೂ ಥರಾನೇ ಇರುತ್ತದೆ, ಆದರೆ ಅದನ್ನು ಇದರ ತೂತಿಗೆ ಒತ್ತಿ ಕೂರಿಸಿದರೆ ಹಿತ್ತಾಳೆಯ ಥ್ರೆಡ್ ಹಾಳಾಗುತ್ತದೆ. ಮೊದಲೆಲ್ಲ ಕಣ್ಣುಮುಚ್ಚಿಕೊಂಡು ಬೆರಳಲ್ಲೇ ವ್ಯತ್ಯಾಸ ಹೇಳುತ್ತಿದ್ದೆ. ಆ ಬೆರಳೇ ಈಗ ಹೀಗಾಯಿತಲ್ಲ ಅಂತ ಕೆಲಸದ ಕೋಣೆಯ ಬಾಗಿಲು ಹಾಕಿಬಿಟ್ಟೆ. ಬಿಚ್ಚಿಟ್ಟ ರೋಲರ್ ಆರು ಡಬ್ಬಿಗಳಲ್ಲಿ ಹಾಗೇ ಕೂತಿತ್ತು.

ನನ್ನ ಕೈ ಸರಿ ಇದ್ದಾಗ ಭಾನುವಾರ ಅಕ್ಕಪಕ್ಕದ ಮನೆಯ ನಾಲ್ಕು ಮಕ್ಕಳು ಬರುತ್ತಿದ್ದರು. ನಾನು ಮಾಡುತ್ತಿದ್ದೆ, ಅವರು ನೋಡುತ್ತಿದ್ದರು. ಕೊನೆಯಲ್ಲಿ ಎಂಜಿನ್ ಓಡಿಸಿ ಸೀಟಿ ಊದಿಸಿದರೆ ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಕಲಿಸುತ್ತಿದ್ದೇನೆ ಅಂತ ನಾನು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದು ಕಲಿಸುವುದಲ್ಲ, ತೋರಿಸುವುದು.

ಬಾಗಿಲು ಹಾಕಿ ಮೂರು ತಿಂಗಳಾದ ಮೇಲೆ ಅವರಲ್ಲಿ ಒಬ್ಬಳು, ಒಂಬತ್ತು ವರ್ಷದವಳು, ಬಂದು ಕೇಳಿದಳು. "ಆಂಟಿ, ರೋಲರ್ ಯಾವಾಗ ಜೋಡಿಸ್ತೀರಾ?" ನನ್ನಿಂದ ಆಗಲ್ಲ ಪುಟ್ಟಿ, ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ಬಾಯಿ ಸರಿ ಇದೆಯಲ್ಲ, ನೀವು ಹೇಳಿ, ನಾವು ಮಾಡ್ತೀವಿ" ಅಂದಳು.

ಪುಟ್ಟಿ, ಮೊದಲ ಥ್ಯಾಂಕ್ಸ್ ನಿನಗೆ. ಆವತ್ತು ನಿನಗೆ ಸರಿಯಾಗಿ ಉತ್ತರ ಕೊಡಲಿಲ್ಲ, ಸಿಡುಕಿದೆ. ನೀನು ಮುಂದಿನ ಭಾನುವಾರ ಮತ್ತೆ ಬಂದೆ, ಉಳಿದ ಮೂವರನ್ನೂ ಕರೆದುಕೊಂಡು.

ಶುರು ಮಾಡಿದ ಮೇಲೆ ಗೊತ್ತಾಯಿತು, ನನ್ನ ಕೈಗೆ ಗೊತ್ತಿದ್ದ ಎಷ್ಟೋ ವಿಷಯ ನನ್ನ ಬಾಯಿಗೆ ಗೊತ್ತೇ ಇರಲಿಲ್ಲ. "ಬಿಗಿ ಮಾಡು" ಅಂದೆ. "ಎಷ್ಟು ಬಿಗಿ ಆಂಟಿ?" ಅಂದ ಹುಡುಗ. ಏನು ಹೇಳುವುದು? ಇಪ್ಪತ್ತು ವರ್ಷದಿಂದ ಬಿಗಿ ಮಾಡುತ್ತಿದ್ದೇನೆ, ಎಷ್ಟು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವನು ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಹಾಗಲ್ಲ, ಎರಡು ಬೆರಳು ಮತ್ತು ಹೆಬ್ಬೆರಳಲ್ಲಿ ಮಾತ್ರ ಹಿಡಿ, ತಾನಾಗಿ ನಿಂತ ಮೇಲೆ ಇನ್ನು ಕಾಲು ಸುತ್ತು, ಸಾಕು ಅಂದೆ. ಈ ಒಂದು ವಾಕ್ಯ ಹುಡುಕುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ಹೀಗೆ ಪ್ರತಿಯೊಂದಕ್ಕೂ ಮಾತು ಹುಡುಕಬೇಕಾಯಿತು. ಅವರು ಕೇಳದೇ ಇದ್ದಿದ್ದರೆ ನನ್ನ ಕೆಲಸ ನನಗೇ ಇಷ್ಟು ಅರ್ಥ ಆಗುತ್ತಿರಲಿಲ್ಲ.

ಈ ರೋಲರ್ ಬಗ್ಗೆ ಸ್ವಲ್ಪ ಹೇಳುತ್ತೇನೆ, ಗೊತ್ತಿಲ್ಲದವರಿಗೆ. ಮಾಮೋಡ್ ಕಂಪನಿಯನ್ನು ಜೆಫ್ರಿ ಮಾಲಿನ್ಸ್ ಅನ್ನುವವರು 1937ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರು ಮಾಡಿದರು. ಒಂದೇ ಕಡೆ ನಿಂತು ಚಕ್ರ ತಿರುಗಿಸುವ ಎಂಜಿನ್‌ಗಳು ಮೊದಲು ಬಂದವು. ರೋಡ್ ರೋಲರ್ 1961ರಲ್ಲಿ ಬಂತು. ದೊಡ್ಡ ಎಂಜಿನ್‌ಗಳಲ್ಲಿ ಸಿಲಿಂಡರಿಗೆ ಹಬೆ ಬಿಡುವ ವಾಲ್ವ್, ಅದಕ್ಕೊಂದು ರಾಡ್, ಇವೆಲ್ಲ ಇದರಲ್ಲಿ ಇಲ್ಲ. ಸಿಲಿಂಡರೇ ತೊಟ್ಟಿಲು ಥರ ಆಕಡೆ ಈಕಡೆ ತೂಗುತ್ತದೆ. ಅದರ ಬೆನ್ನಿನಲ್ಲಿ ಒಂದು ತೂತು, ಎದುರಿನ ಬ್ಲಾಕ್‌ನಲ್ಲಿ ಎರಡು. ತೂಗುವಾಗ ಒಂದು ಸಲ ಹಬೆ ಬರುವ ತೂತಿಗೆ ಎದುರಾಗುತ್ತದೆ, ಇನ್ನೊಂದು ಸಲ ಹೊರಗೆ ಹೋಗುವ ತೂತಿಗೆ. ಎಷ್ಟು ಸರಳ ಅಲ್ವಾ? ನನಗೆ ಇವತ್ತಿಗೂ ಇದನ್ನು ನೋಡಿದರೆ ಸಂತೋಷ ಆಗುತ್ತದೆ. ಆದರೆ ಸಿಲಿಂಡರ್ ಬೆನ್ನು, ಎದುರಿನ ಬ್ಲಾಕ್, ಈ ಎರಡರ ಮುಖಗಳು ಕನ್ನಡಿ ಥರ ಸಮತಟ್ಟಾಗಿ ಕೂರಲೇಬೇಕು. ಕೂದಲೆಳೆಯಷ್ಟು ಸಂದಿ ಇದ್ದರೂ ಹಬೆಯೆಲ್ಲ ಅಲ್ಲೇ ಪುಸ್ ಅಂತ ಹೋಗುತ್ತದೆ, ಎಂಜಿನ್ ಓಡುವುದಿಲ್ಲ.

ನಮ್ಮ ರೋಲರ್‌ನ ಕಾಯಿಲೆ ಅದೇ. ದಪ್ಪ ಗಾಜಿನ ಮೇಲೆ 1000 ನಂಬರಿನ ನೀರಿನ ಎಮರಿ ಪೇಪರ್ ಹಾಸಿ, ಒಂದು ಹನಿ ಎಣ್ಣೆ ಬಿಟ್ಟು, ಮುಖವನ್ನು ಉಜ್ಜಬೇಕು. ಹಿಂದೆ ಮುಂದೆ ಉಜ್ಜಿದರೆ ಒಂದು ಅಂಚು ಜಾಸ್ತಿ ಸವೆಯುತ್ತದೆ. ಅದಕ್ಕೆ ಎಂಟು ಬರೆದ ಹಾಗೆ ಉಜ್ಜು ಅಂದೆ. ಚಿಕ್ಕವಳು ತಕ್ಷಣ, "ಕನ್ನಡ ಎಂಟಾ, ಇಂಗ್ಲಿಷ್ ಎಂಟಾ?" ಅಂದಳು. ಅವಳು ಕೇಳಿದ್ದು ಸರಿಯೇ. ಕನ್ನಡದ ೮ ಬರೆದರೆ ಕೈ ಶುರುವಾದಲ್ಲಿಗೆ ವಾಪಸ್ ಬರುವುದೇ ಇಲ್ಲ. ಇಂಗ್ಲಿಷ್ ಎಂಟು ಅಂತ ಹೇಳಿಕೊಟ್ಟೆ. ಉಜ್ಜುವ ಮೊದಲು ಮುಖದ ಮೇಲೆ ಮಾರ್ಕರ್ ಪೆನ್ನಲ್ಲಿ ಗೆರೆ ಎಳೆಸಿದ್ದೆ. ಹತ್ತು ಎಂಟು ಬರೆದು ತಿರುಗಿಸಿ ನೋಡಿದರೆ ಅಂಚಿನ ಗೆರೆ ಹೋಗಿತ್ತು, ನಡುವಿನ ಗೆರೆ ಹಾಗೇ ಇತ್ತು. ಅಂದರೆ ನಡುವೆ ತಗ್ಗು. ಅದನ್ನು ನಾನು ಹೇಳಲಿಲ್ಲ, ಅವಳೇ ಹೇಳಿದಳು. ಉಗುರಿನಿಂದ ಸವರಿ, "ಇಲ್ಲಿ ಹೊಂಡ ಇದೆ ಆಂಟಿ, ಪೇಪರ್ ಇದನ್ನು ಮುಟ್ಟೇ ಇಲ್ಲ" ಅಂದಳು. ಮೂರು ಭಾನುವಾರ ಆಯಿತು ಆ ಗೆರೆ ಪೂರ್ತಿ ಹೋಗಬೇಕಾದರೆ. ಒಂದು ದಿನವೂ ಬೇಜಾರು ಅನ್ನಲಿಲ್ಲ.

ಎಂಜಿನ್ ನನಗೆ ಮಾರಿದವರು ಬಾಯ್ಲರ್ ಚೆನ್ನಾಗಿದೆ ಅಂದಿದ್ದರು. ಯಾರು ಏನು ಅಂದರೂ ನಾನು ಹಳೆಯ ಬಾಯ್ಲರನ್ನು ಮೊದಲು ತಣ್ಣೀರಿನ ಪರೀಕ್ಷೆ ಮಾಡದೆ ಬೆಂಕಿಯ ಮೇಲೆ ಇಡುವುದಿಲ್ಲ. ಗಾಳಿ ಇಲ್ಲದ ಹಾಗೆ ಪೂರ್ತಿ ನೀರು ತುಂಬಿ, ಕೈ ಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ, ಮೀಟರ್ ಮುಳ್ಳು ಇಳಿಯುತ್ತದಾ ಅಂತ ನೋಡುವುದು. ಗಾಳಿಯಲ್ಲೇ ಯಾಕೆ ಪರೀಕ್ಷೆ ಮಾಡಬಾರದು ಅಂತ ಹುಡುಗ ಕೇಳಿದ. ಗಾಳಿಯನ್ನು ಒತ್ತಿದರೆ ಅದು ಸ್ಪ್ರಿಂಗ್ ಥರ ಕುಗ್ಗಿ ಕೂರುತ್ತದೆ, ಒಡೆದರೆ ಸಿಡಿಯುತ್ತದೆ. ನೀರು ಕುಗ್ಗುವುದೇ ಇಲ್ಲ ಅನ್ನಬಹುದು, ಅದಕ್ಕೆ ಬಿರುಕು ಬಿಟ್ಟರೂ ಸುಮ್ನೆ ತೊಟ್ಟಿಕ್ಕುತ್ತದೆ. ನಮ್ಮದು ತೊಟ್ಟಿಕ್ಕಿತು. ಹಿಂದಿನ ಮುಚ್ಚಳದ ಬೆಸುಗೆ ಬಿಟ್ಟಿತ್ತು, ಅದರ ಮೇಲೆ ಯಾರೋ ಎಪಾಕ್ಸಿ ಅಂಟು ಹಚ್ಚಿ ಬಣ್ಣ ಬಳಿದಿದ್ದರು. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ಮಕ್ಕಳು ಎದುರು ಕೂರುವ ಎಂಜಿನ್ ಇದು. ಮಾರುವವರು ದಯವಿಟ್ಟು ನಿಜ ಹೇಳಿ, ಸೋರುತ್ತದೆ ಅಂದರೂ ನಾವು ಕೊಳ್ಳುತ್ತೇವೆ.

ಇಲ್ಲಿ ನಮ್ಮ ಲೇತ್ ಅಣ್ಣನಿಗೆ ಥ್ಯಾಂಕ್ಸ್. ಬಾಯ್ಲರ್ ತೆಗೆದುಕೊಂಡು ಹೋದಾಗ ಅವರು ನನ್ನ ಕೈ ನೋಡಿದರು, ಬಾಯ್ಲರ್ ಆಮೇಲೆ ನೋಡಿದರು. "ಅಕ್ಕಾ, ಹಳೆ ಬೆಸುಗೆಯ ಮೇಲೆ ಮತ್ತೆ ಬೆಸುಗೆ ಬೇಡ, ಪೂರ್ತಿ ತೆಗೆದು ಬೆಳ್ಳಿ ಬೆಸುಗೆ ಹಾಕಿಕೊಡ್ತೀನಿ" ಅಂದರು. ಸೀಸ ತವರದ ಬೆಸುಗೆ 200 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ, ನೀರು ಬತ್ತಿದ ಬಾಯ್ಲರ್‌ಗೆ ಅಷ್ಟು ಬಿಸಿ ಏರುವುದು ದೊಡ್ಡ ವಿಷಯವಲ್ಲ. ಬೆಳ್ಳಿ ಬೆಸುಗೆ ಕರಗಬೇಕಾದರೆ 600 ಡಿಗ್ರಿ ದಾಟಬೇಕು. ಅಂಗಡಿಯ ಕೆಲಸ ಮುಗಿದ ಮೇಲೆ, ರಾತ್ರಿ, ಎರಡು ದಿನ ಕೂತು ಮಾಡಿದರು. ಆಮೇಲೆ ಮಾಡಿದ ಪರೀಕ್ಷೆಯಲ್ಲಿ ಮುಳ್ಳು ಅರ್ಧ ಗಂಟೆ ಅಲ್ಲಾಡಲಿಲ್ಲ. ಮಕ್ಕಳು ಸರದಿಯ ಮೇಲೆ ಕಾವಲು ಕೂತಿದ್ದರು ಅಣ್ಣ, ನಿಮಗೆ ಹೇಳಲೇಬೇಕು ಅಂತಿದ್ದೆ.

ಒತ್ತಡ ಜಾಸ್ತಿಯಾದರೆ ಹಬೆಯನ್ನು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿತ್ತು. ಅದನ್ನು ಎಳೆದೋ ಕತ್ತರಿಸಿಯೋ ಹೊಂದಿಸುವ ವಸ್ತುವಲ್ಲ, ಅಳತೆ ತಪ್ಪಿದರೆ ವಾಲ್ವ್ ಯಾವಾಗ ಬಿಡುತ್ತದೆ ಅಂತ ಗೊತ್ತಾಗುವುದಿಲ್ಲ. ನನ್ನ ಮುಖವನ್ನೂ ನೋಡಿರದ ಹಿರಿಯರೊಬ್ಬರು ಹೊಸ ವಾಲ್ವನ್ನೇ ಅಂಚೆಯಲ್ಲಿ ಕಳಿಸಿದರು, ದುಡ್ಡು ಬೇಡ ಅಂದರು. ಜೊತೆಗೆ ಒಂದು ಚೀಟಿ ಇತ್ತು. ಮಕ್ಕಳು ಓಡಿಸುವಾಗ ಒಂದು ಫೋಟೋ ಕಳಿಸಿ ಅಂತ ಬರೆದಿದ್ದರು. ಕಳಿಸಿದ್ದೇನೆ ಸರ್. ಫೋಟೋ ಅಲ್ಲಾಡಿದೆ, ನನ್ನ ಕೈಯಿಂದ ಅಲ್ಲ, ಚಿಕ್ಕವಳು ಕುಣಿಯುತ್ತಾ ತೆಗೆದದ್ದು.

ಫಿಸಿಯೋಥೆರಪಿ ಮೇಡಂಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಮೊದಮೊದಲು ಮೆತ್ತನೆಯ ಚೆಂಡು ಹಿಸುಕಿಸುತ್ತಿದ್ದರು. ನನಗೆ ಅದರಲ್ಲಿ ಮನಸ್ಸೇ ಇರಲಿಲ್ಲ. ಒಂದು ದಿನ ಎಂಜಿನ್ ವಿಷಯ ಬಂತು. ಮುಂದಿನ ಸಲ ನಟ್ಟು ಬೋಲ್ಟು ತನ್ನಿ, ಅದನ್ನೇ ತಿರುಗಿಸೋಣ ಅಂದರು. ದೊಡ್ಡದರಿಂದ ಶುರು ಮಾಡಿ ವಾರ ವಾರ ಸಣ್ಣದಕ್ಕೆ ಇಳಿಸಿದರು. ಐದನೇ ತಿಂಗಳಿಗೆ ಆ 2.8 ಮಿಲಿಮೀಟರ್ ಸ್ಕ್ರೂ ಹಿಡಿದು ತೂತಿಗೆ ಕೂರಿಸಿದೆ. ಕೈ ಪೂರ್ತಿ ಮೊದಲಿನ ಹಾಗೆ ಆಗಿಲ್ಲ, ಆಗುವುದೂ ಇಲ್ಲವಂತೆ. ಇಷ್ಟು ಬಂದಿದೆ, ನನಗೆ ಸಾಕು.

ಅಪ್ಪ ಅಮ್ಮಂದಿರಿಗೆ ವಿಶೇಷವಾಗಿ ಹೇಳಬೇಕು. ಬೆಂಕಿ, ಹಬೆ, ಕಾದ ಹಿತ್ತಾಳೆ ಇರುವ ಕೋಣೆಗೆ ಮಕ್ಕಳನ್ನು ಕಳಿಸುವುದು ಸುಲಭವಲ್ಲ. ನಾನು ಹಾಕಿದ ನಿಯಮಗಳನ್ನೆಲ್ಲ ನೀವು ಮನೆಯಲ್ಲೂ ಹೇಳಿ ಕಳಿಸಿದಿರಿ. ಕನ್ನಡಕ ಹಾಕದೆ ಬೆಂಚಿನ ಹತ್ತಿರ ಬರುವ ಹಾಗಿಲ್ಲ. ಹಳೆ ಬಣ್ಣ, ಹಳೆ ಬೆಸುಗೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಬಾಯಿಗೆ ಬೆರಳು ಹೋಗಕೂಡದು, ಅದರಲ್ಲಿ ಸೀಸ ಇರುತ್ತದೆ. ಹಳೆಯ ಗ್ಯಾಸ್ಕೆಟ್, ನಾರಿನ ಪ್ಯಾಕಿಂಗ್ ಕೆರೆಯುವ ಕೆಲಸ ಮಕ್ಕಳದಲ್ಲ, ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು, ನಾನೇ ಮಾಸ್ಕ್ ಹಾಕಿ ಒದ್ದೆ ಮಾಡಿ ತೆಗೆಯುತ್ತೇನೆ. ಸ್ಪಿರಿಟ್ ಬರ್ನರ್ ನಮ್ಮ ಕೋಣೆಯಲ್ಲಿ ಇಲ್ಲವೇ ಇಲ್ಲ, ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಬಿಳಿ ಇಂಧನದ ಬಿಲ್ಲೆ ಮಾತ್ರ, ಅದನ್ನೂ ಹಚ್ಚುವುದು ನಾನೇ. ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಅಂತ ನೀವು ಒಬ್ಬರೂ ಕೇಳಲಿಲ್ಲ. ನಂಬಿದಿರಿ.

ನಮ್ಮನೆಯವರಿಗೆ ಇಲ್ಲಿ ಬರೆದರೆ ಮುಜುಗರ ಪಡುತ್ತಾರೆ. ಆದರೂ ಬರೆಯುತ್ತೇನೆ. ಆ ಆರು ಡಬ್ಬಿಗಳನ್ನು ಕೊಟ್ಟುಬಿಡಿ ಅಂತ ನಾನು ಎರಡು ಸಲ ಹೇಳಿದೆ. ಎರಡು ಸಲವೂ ಹೂಂ ಅಂದು, ಅಟ್ಟದ ಮೇಲೆ ಇಟ್ಟಿದ್ದರು.

ಭಾನುವಾರದ ವಿಷಯಕ್ಕೆ ಬರುತ್ತೇನೆ. ಬಾಯ್ಲರಿಗೆ ಮುಕ್ಕಾಲು ಭಾಗ ನೀರು ತುಂಬಿದ್ದು ಹುಡುಗ, ಎಣ್ಣೆ ಬಿಟ್ಟಿದ್ದು ಅವನ ತಂಗಿ, ಬಿಲ್ಲೆ ಹಚ್ಚಿದ್ದು ನಾನು. ಮೊದಲು ಏನೂ ಆಗಲಿಲ್ಲ. ಮಕ್ಕಳ ಮುಖ ಇಳಿದುಹೋಯಿತು. ತಣ್ಣಗಿರುವ ಸಿಲಿಂಡರ್ ಒಳಗೆ ಹೋದ ಹಬೆ ಅಲ್ಲೇ ನೀರಾಗುತ್ತದೆ, ಅದನ್ನು ಹೊರಗೆ ಹಾಕಿ ಸಿಲಿಂಡರ್ ಬಿಸಿಯಾಗುವವರೆಗೆ ಚಕ್ರವನ್ನು ಕೈಯಿಂದ ತಿರುವುತ್ತಾ ಇರಬೇಕು, ಅದರಲ್ಲೂ ಒಂದೇ ಸಿಲಿಂಡರ್ ಇರುವ ಎಂಜಿನ್ ತಾನಾಗಿ ಶುರುವಾಗುವುದಿಲ್ಲ, ಯಾರಾದರೂ ಮೊದಲ ತಿರುವು ಕೊಡಲೇಬೇಕು. ನಾನು ಕೈ ಮುಂದೆ ಮಾಡಿದೆ, ಆಮೇಲೆ ಹಿಂದೆ ತೆಗೆದುಕೊಂಡೆ. "ನೀನು ತಿರುವು ಪುಟ್ಟಿ" ಅಂದೆ. ಆಮೇಲೆ ಆದದ್ದನ್ನು ಮೇಲೇ ಬರೆದಿದ್ದೇನೆ. ಮೇಜಿನ ಆ ತುದಿಯವರೆಗೂ ಹೋಯಿತು, ಎಂಜಿನ್‌ನಿಂದ ರೋಲರ್ ಚಕ್ರವನ್ನು ತಿರುಗಿಸುವ ನಮ್ಮ ಸ್ಪ್ರಿಂಗ್ ಬೆಲ್ಟ್ ಒಂದು ಸಲವೂ ಜಾರಲಿಲ್ಲ. ಬಿಲ್ಲೆ ಉರಿದು ಮುಗಿಯುವವರೆಗೆ ನಾಲ್ವರೂ ಸರದಿಯ ಮೇಲೆ ಓಡಿಸಿದರು. ಹೊಗೆ ಕೊಳವೆಯ ಹತ್ತಿರ ಬಣ್ಣ ಸುಟ್ಟ ಹಳೆಯ ಕಲೆ ಇದೆ, ಉಜ್ಜಿ ಹೊಸ ಬಣ್ಣ ಹೊಡೆಯೋಣ ಅಂತ ಹುಡುಗ ಮೊದಲಿನಿಂದ ಹಟ ಮಾಡುತ್ತಿದ್ದ. ನಮಗಿಂತ ಮುಂಚೆ ಯಾವುದೋ ಮಗು ಓಡಿಸಿದ ಗುರುತು ಅದು, ಇರಲಿ ಅಂದಿದ್ದೆ. ಭಾನುವಾರ ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಕಲೆ ಆಯಿತು. "ಇದು ನಮ್ದು" ಅಂದ.

ಅಟ್ಟದ ಮೇಲೆ ವಿಲೆಸ್ಕೋದ ಒಂದು ಎಂಜಿನ್ ಇದೆ, ಜರ್ಮನಿಯದು, ವೇಗವನ್ನು ಹಿಡಿತದಲ್ಲಿಡುವ, ಗುಂಡುಗಳು ಸುತ್ತುವ ಗವರ್ನರ್ ಇರುವುದು. ಅದನ್ನು ಇಳಿಸಿದ್ದೇವೆ. ಅದರ ಸ್ಕ್ರೂಗಳೆಲ್ಲ ಮಿಲಿಮೀಟರ್ ಅಳತೆಯವು, ಮಾಮೋಡ್‌ನವುಗಳ ಜೊತೆ ಬೆರೆಯಬಾರದು ಅಂತ ಚಿಕ್ಕವಳು ಅವಳ ಅಮ್ಮನ ಸ್ಟೀಲ್ ಡಬ್ಬಿ ತಂದು ಬೇರೆಯಾಗಿ ಇಟ್ಟಿದ್ದಾಳೆ. ಅವಳಮ್ಮ, ನೀವು ಇದನ್ನು ಓದುತ್ತಿದ್ದರೆ, ನೀವು ಹುಡುಕುತ್ತಿರುವ ಡಬ್ಬಿ ನಮ್ಮ ಮನೆಯಲ್ಲಿದೆ. ಎಂಜಿನ್ ಜೋಡಿಸಿದ ಮೇಲೆ ಚೆನ್ನಾಗಿ ತೊಳೆದು ಕಳಿಸುತ್ತೇನೆ.