ಮಗಳಿಗೊಂದು ಪತ್ರ: ವೇಷ ಹಾಕಿದ ಮೇಷ್ಟರ ವಿಷಯ

ಗೌರಿಬಿದನೂರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ.

ನೀನು ಕಳುಹಿಸಿದ ಚಿತ್ರಕಥೆಯ ಕರಡನ್ನು ಓದಿದೆ. ನಂದಿಬೆಟ್ಟದ ತಪ್ಪಲಿನಲ್ಲಿ ನೀನು ಕಲ್ಪಿಸಿರುವ ಸೈನಿಕ ಶಾಲೆ, ಅಲ್ಲಿ ಗುಟ್ಟಾಗಿ ಶಸ್ತ್ರ ಕೂಡಿಡುವ ತೀವ್ರವಾದಿ ಹುಡುಗರ ತಂಡ, ಅದನ್ನು ಬಯಲಿಗೆಳೆಯಲು ಇತಿಹಾಸದ ಮೇಷ್ಟರ ವೇಷದಲ್ಲಿ ಬರುವ ಸೇನಾಧಿಕಾರಿ, ಇಷ್ಟಿದ್ದರೆ ಸಾಹಸಚಿತ್ರಕ್ಕೆ ಸಾಕು. ಮದ್ದುಗುಂಡಿನ ಕೋಣೆಯ ರಾತ್ರಿ ದೃಶ್ಯವಂತೂ ಚೆನ್ನಾಗಿ ಬಂದಿದೆ. ಆದರೆ ನಿನ್ನ ನಾಯಕ ಮೇಷ್ಟರಾಗಿ ಬಂದರೂ ಎಲ್ಲಿಯೂ ಪಾಠ ಮಾಡುವುದಿಲ್ಲ. ತರಗತಿಯೆಂದರೆ ಅವನಿಗೆ ಕಿಟಕಿಯಾಚೆ ಇಣುಕುವ ಜಾಗ ಮಾತ್ರ.

ಸುಳ್ಳು ಮೇಷ್ಟರನ್ನು ಮಕ್ಕಳು ಬಹುಬೇಗ ಪತ್ತೆಹಚ್ಚುತ್ತಾರೆ. ಹಾಜರಿ ಕೂಗುವಾಗಿನ ತಡವರಿಕೆ, ಬೋರ್ಡಿಗೆ ಅಡ್ಡವಾಗಿ ನಿಂತು ಬರೆಯುವ ರೀತಿ, ತಿದ್ದದೆ ಉಳಿದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ಪಾಠ ಯೋಜನೆ ಕೇಳಿದಾಗ ಮುಖ್ಯೋಪಾಧ್ಯಾಯರ ಮುಂದೆ ಪಡುವ ಪೇಚಾಟ, ಇವೆಲ್ಲ ಅವನ ಗುಟ್ಟನ್ನು ರಟ್ಟು ಮಾಡಬಲ್ಲವು. ಪಿಸ್ತೂಲು ಹಿಡಿದವನಿಗಿಂತ ಮುಂದಿನ ಬೆಂಚಿನ ಹುಡುಗನನ್ನು ಕಂಡು ಅವನು ಹೆಚ್ಚು ಬೆವರುವಂತೆ ಬರೆದರೆ ರೋಚಕತೆ ತಾನಾಗಿಯೇ ಬರುತ್ತದೆ.

ಇನ್ನು ನಿನ್ನ ಖಳನಾಯಕ ಮಾಡುವ ಉದ್ದನೆಯ ಭಾಷಣಕ್ಕೇ ಹುಡುಗರು ಮರುಳಾಗುತ್ತಾರೆಂಬುದನ್ನು ನಾನು ನಂಬಲಿಲ್ಲ. 1967ರಲ್ಲಿ ಅಮೆರಿಕದ ಪಾಲೊ ಆಲ್ಟೊದ ಪ್ರೌಢಶಾಲೆಯೊಂದರಲ್ಲಿ ರಾನ್ ಜೋನ್ಸ್ ಎಂಬ ಇತಿಹಾಸದ ಉಪಾಧ್ಯಾಯರು, ಜರ್ಮನ್ ಜನ ನಾಜಿಗಳನ್ನು ಒಪ್ಪಿಕೊಂಡದ್ದು ಹೇಗೆಂದು ತಿಳಿಸಲು ಒಂದು ಪ್ರಯೋಗ ಮಾಡಿದರು. ನೆಟ್ಟಗೆ ಕೂರಬೇಕು, ಎದ್ದು ನಿಂತು ಚುಟುಕಾಗಿ ಉತ್ತರಿಸಬೇಕು ಎಂಬ ನಿಯಮಗಳಿಂದ ಅದು ಆರಂಭವಾಯಿತು. ಆಮೇಲೆ ವಿಶೇಷ ನಮಸ್ಕಾರ, ಸದಸ್ಯತ್ವದ ಚೀಟಿ, ಒಬ್ಬರ ಮೇಲೊಬ್ಬರ ಚಾಡಿ ಎಲ್ಲವೂ ಬಂದವು. ಐದನೆಯ ದಿನ ಮಕ್ಕಳನ್ನೆಲ್ಲ ಸಭೆ ಸೇರಿಸಿ ನಿಜ ಹೇಳಿ ಜೋನ್ಸ್ ಅವರೇ ಅದನ್ನು ನಿಲ್ಲಿಸಬೇಕಾಯಿತು. ಹುಡುಗರನ್ನು ಹಿಡಿದದ್ದು ಸಿದ್ಧಾಂತವಲ್ಲ, ‘ನಾವು’ ಎಂಬ ಗುಂಪಿನೊಳಗೆ ಸಿಕ್ಕ ಸ್ಥಾನ. ಹಾಗೆಂದು ಶಿಸ್ತನ್ನೇ ತಪ್ಪಿತಸ್ಥನನ್ನಾಗಿ ಮಾಡಬೇಡ. ನಮ್ಮ ಸೈನಿಕ ಶಾಲೆಗಳು 1961ರಲ್ಲಿ ಆರಂಭವಾದವು, ವಿಜಯಪುರದ ಶಾಲೆ 1963ರಲ್ಲಿ ಬಂತು. ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೋಗಬೇಕೆಂದು ಬೆಳಗಿನ ಜಾವಕ್ಕೇ ಎದ್ದು ಓಡುವ ಅಲ್ಲಿನ ಮಕ್ಕಳಿಗೆ ನಿನ್ನ ಚಿತ್ರ ಅವಮಾನ ಮಾಡಬಾರದು.

ನಿನಗೆ ನಿಜವಾಗಿ ಉಪಯೋಗಕ್ಕೆ ಬರುವುದು ಜರ್ಮನಿಯ ಫ್ರಾಂಕೊ ಎ. ಎಂಬ ಸೇನಾಧಿಕಾರಿಯ ಪ್ರಕರಣ. ಆತ ಫ್ರಾನ್ಸಿನ ಸೇಂಟ್ ಸೀರ್ ಸೇನಾ ಅಕಾಡೆಮಿಯಲ್ಲಿ ಓದುವಾಗ ಬರೆದ ಪ್ರಬಂಧದಲ್ಲಿ ಜನಾಂಗದ್ವೇಷ ತುಂಬಿರುವುದನ್ನು ಅಲ್ಲಿನ ಫ್ರೆಂಚ್ ಅಧಿಕಾರಿಗಳು ಗುರುತಿಸಿ 2014ರಲ್ಲೇ ತಿಳಿಸಿದ್ದರು. ಜರ್ಮನ್ ಸೇನೆ ಬೇರೊಂದು ಪ್ರಬಂಧ ಬರೆಸಿಕೊಂಡು ಸುಮ್ಮನಾಯಿತು. ಮುಂದೆ ಆತ ಸಿರಿಯಾದ ನಿರಾಶ್ರಿತನೆಂದು ಸುಳ್ಳು ಹೆಸರಿನಲ್ಲಿ ನೋಂದಾಯಿಸಿಕೊಂಡ. 2017ರಲ್ಲಿ ವಿಯೆನ್ನಾ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಬಚ್ಚಿಟ್ಟಿದ್ದ ಪಿಸ್ತೂಲನ್ನು ತೆಗೆಯಲು ಹೋಗಿ ಸಿಕ್ಕಿಬಿದ್ದ. 2022ರಲ್ಲಿ ಫ್ರಾಂಕ್‌ಫರ್ಟಿನ ನ್ಯಾಯಾಲಯ ಅವನಿಗೆ ಐದೂವರೆ ವರ್ಷದ ಶಿಕ್ಷೆ ವಿಧಿಸಿತು. ಇಲ್ಲಿ ವೇಷ ಹಾಕಿದವನು ತೀವ್ರವಾದಿಯೇ ಹೊರತು ಪತ್ತೇದಾರನಲ್ಲ. ಮೊದಲ ಸುಳಿವು ಸಿಕ್ಕಿದ್ದೂ ವಿದ್ಯಾರ್ಥಿಯ ಬರವಣಿಗೆಯನ್ನು ಮನಸ್ಸಿಟ್ಟು ಓದಿದವರಿಗೆ.

ನಿನ್ನ ಕಥೆಯ ತಿರುವು ಅಲ್ಲೇ ಇರಲಿ. ನಾಯಕ ಒಂದು ರಾತ್ರಿ ಪ್ರಬಂಧಗಳನ್ನು ತಿದ್ದುತ್ತಿರುವಾಗ ಒಬ್ಬ ಹುಡುಗನ ಬರಹದಲ್ಲಿ, ಆತನದಲ್ಲದ, ಯಾರೋ ಬಾಯಿಪಾಠ ಮಾಡಿಸಿದ ಸಾಲುಗಳನ್ನು ಕಾಣಲಿ. ಪತ್ತೇದಾರನಾದವನು ಸಾಕ್ಷ್ಯ ಸಿಗುವವರೆಗೆ ಸುಮ್ಮನಿದ್ದು ಆ ಹುಡುಗನನ್ನು ಗುಂಪಿನೊಳಗೆ ಇನ್ನಷ್ಟು ಆಳಕ್ಕೆ ಇಳಿಯಲು ಬಿಡಬೇಕು. ಮೇಷ್ಟರಾದವನು ಮರುದಿನವೇ ಅವನನ್ನು ಕರೆದು ಎದುರು ಕೂರಿಸಿಕೊಂಡು, ಇದನ್ನು ನಿನಗೆ ಹೇಳಿದವರು ಯಾರು, ನಿನಗೇಕೆ ಸರಿಯೆನಿಸಿತು ಎಂದು ಕೇಳಬೇಕು. ಎರಡನ್ನೂ ಒಬ್ಬನೇ ಮಾಡಲಾರ. ಕರಡಿನಲ್ಲಿ ನಾನು ಹುಡುಕಿದ್ದು ಈ ಇಕ್ಕಟ್ಟನ್ನೇ.

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ನಿನಗೆ ಗೊತ್ತೇ ಇದ್ದಾರೆ. ಭೌತಶಾಸ್ತ್ರದ ಮೇಷ್ಟರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆಂದು ಸಮಿತಿ ರಚಿಸಿದವರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ತಮ್ಮ ಹೆಸರಿನಲ್ಲೇ, ಎಲ್ಲರೆದುರಿಗೇ ಹೇಳುತ್ತಿದ್ದರು. ಅಂಥ ಸ್ವಭಾವದ ಒಬ್ಬ ಹಿರಿಯ ಉಪಾಧ್ಯಾಯರನ್ನು ನಿನ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂರಿಸು. ವೇಷಧಾರಿಯ ಕೈಯಿಂದಾಗದ ಪ್ರಶ್ನೆಯನ್ನು ಅವರು ಕೇಳಲಿ, ಅದರಿಂದ ನಾಯಕನ ಕಾರ್ಯಾಚರಣೆಯೇ ಕೆಟ್ಟರೂ ಚಿಂತೆಯಿಲ್ಲ.

ಕೊನೆಯ ಗುಂಡಿನ ಕಾಳಗವನ್ನು ಬೇಕಾದರೆ ಹಾಗೆಯೇ ಉಳಿಸಿಕೋ, ನಿರ್ಮಾಪಕರು ದುಡ್ಡು ಹಾಕುವುದು ಅದಕ್ಕೇ ಅಲ್ಲವೇ. ಆದರೆ ಆ ಪ್ರಬಂಧ ಬರೆದ ಹುಡುಗನನ್ನು ಮಾತ್ರ ಅದರಲ್ಲಿ ಸಾಯಿಸಬೇಡ. ಉತ್ತರಪತ್ರಿಕೆ, ಪಾಠ ಯೋಜನೆಗಳ ವಿವರ ಬೇಕಿದ್ದರೆ ಕೇಳು, ಹಳೆಯವು ಅಟ್ಟದ ಮೇಲಿವೆ.

ಇಂತಿ ನಿನ್ನ,
ಅಪ್ಪ